ಫೋನು, ವಾಚು ಹೇಳಿದ ಮಾತು ಕೇಳುತ್ತಿಲ್ಲವೇ? ಹೊಸದು ಕೊಳ್ಳುವ ಮೊದಲು ಇಷ್ಟು ಮಾಡಿ

"ಒಂದು ಸಲ ಮುಟ್ಟಿದರೆ ಫೋನ್ ತೆಗೆದುಕೊಳ್ಳೋದೇ ಇಲ್ಲ." "ಫೋನಿಗೆ ಮೆಸೇಜ್ ಬಂದು ಎಷ್ಟೋ ಹೊತ್ತಾದ ಮೇಲೆ ವಾಚ್ ಅದುರುತ್ತೆ." "ಅಪ್ಪ ಒಂದನ್ನು ಮುಟ್ಟಿದರೆ ಇನ್ನೊಂದು ತೆರೆಯುತ್ತೆ, ಬೇರೆ ಫೋನ್ ಕೊಡಿಸಬೇಕಾ?" ಈ ಮೂರು ಪ್ರಶ್ನೆ ಓದುಗರಿಂದ ಬರುತ್ತಲೇ ಇವೆ. ಮೂರಕ್ಕೂ ಮೊದಲ ಉತ್ತರ ಒಂದೇ: ತಡ ಎಲ್ಲಿ ಆಗುತ್ತಿದೆ ಅಂತ ಪತ್ತೆ ಮಾಡಿ, ಅಲ್ಲಿ ಮಾತ್ರ ಕೈ ಹಾಕಿ. ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ತಿಳಿಯುವುದೇ ಇಲ್ಲ.

ಒಂದು ಅಳತೆ ನೆನಪಿಟ್ಟುಕೊಳ್ಳಿ. ಮುಟ್ಟಿದ ಮೇಲೆ ಸುಮಾರು 0.1 ಸೆಕೆಂಡಿನೊಳಗೆ ಸ್ಕ್ರೀನ್ ಬದಲಾದರೆ ನಮಗೆ 'ತಕ್ಷಣ' ಅನ್ನಿಸುತ್ತದೆ. 1 ಸೆಕೆಂಡು ದಾಟಿತೆಂದರೆ ಕಾಯುತ್ತಿದ್ದೇವೆ ಅನ್ನಿಸಲು ಶುರುವಾಗುತ್ತದೆ. ಬಳಕೆದಾರರ ಅನುಕೂಲದ ಬಗ್ಗೆ ಕೆಲಸ ಮಾಡಿದ ಜಾಕೋಬ್ ನೀಲ್ಸನ್ 1993ರಲ್ಲಿ ಕೊಟ್ಟ ಈ ಲೆಕ್ಕ ಇವತ್ತಿಗೂ ಸರಿಯಾಗಿಯೇ ಇದೆ.

ಬೇಕಾಗುವುದು: ಒಂದು ಗಂಟೆ ಬಿಡುವು, ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆ, ಫೋನಿನ ಜೊತೆಗೇ ಬಂದ ಚಾರ್ಜರ್, ವಾಚಿನ ಆ್ಯಪ್‌ನ ಲಾಗಿನ್. ಫೋಟೊ ಮತ್ತು ವಾಟ್ಸ್‌ಆ್ಯಪ್ ಬ್ಯಾಕಪ್ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕಾಟದಲ್ಲಿ ಆ ಹೆಸರಿನ ಒಂದು ಪದ ಟೈಪ್ ಮಾಡಿ.

1. ತಡ ಎಲ್ಲಿದೆ ಎಂದು ಪತ್ತೆ ಮಾಡಿ

ಮೊದಲು ಟಚ್ ಪರೀಕ್ಷೆ. ಸ್ಯಾಮ್‌ಸಂಗ್ ಫೋನಿನಲ್ಲಿ ಕರೆ ಮಾಡುವ ಜಾಗದಲ್ಲಿ *#0*# ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ, ಅದರಲ್ಲಿ 'ಟಚ್' ಆರಿಸಿ. ರೆಡ್‌ಮಿ, ಪೋಕೊ, ಶಿಯೋಮಿ ಫೋನುಗಳಲ್ಲಿ *#*#6484#*#* ಒತ್ತಿ. ಬರುವ ಚೌಕಗಳ ಮೇಲೆಲ್ಲ ಬೆರಳಾಡಿಸಿ. ಯಾವುದೋ ಒಂದು ಸಾಲು ಬಣ್ಣ ಬದಲಿಸದೆ ಉಳಿದರೆ ಅದು ಸ್ಕ್ರೀನಿನದೇ ದೋಷ. ಸೆಟ್ಟಿಂಗ್‌ನಿಂದ ಸರಿಯಾಗುವುದಿಲ್ಲ, ನೇರ 8ನೇ ಹಂತಕ್ಕೆ ಹೋಗಿ.

ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ 'ಅಬೌಟ್ ಫೋನ್' ಒಳಗೆ 'ಬಿಲ್ಡ್ ನಂಬರ್' ಮೇಲೆ 7 ಸಲ ಒತ್ತಿದರೆ 'ಡೆವಲಪರ್ ಆಪ್ಷನ್ಸ್' ಎಂಬ ಹೊಸ ಮೆನು ಬರುತ್ತದೆ. ಆ್ಯಪ್ ತಯಾರಿಸುವವರಿಗಾಗಿ ಇಟ್ಟ ಮೆನು ಅದು. ಅಲ್ಲಿ 'ಪಾಯಿಂಟರ್ ಲೊಕೇಷನ್' ಆನ್ ಮಾಡಿದರೆ ಬೆರಳು ಹೋದ ದಾರಿ ಸ್ಕ್ರೀನಿನ ಮೇಲೆ ಗೆರೆಯಾಗಿ ಕಾಣುತ್ತದೆ. ಒಂದು ಮೂಲೆಯಿಂದ ಎದುರಿನ ಮೂಲೆಗೆ ನಿಧಾನವಾಗಿ ಎಳೆಯಿರಿ. ಗೆರೆ ನಡುವೆ ತುಂಡಾದರೆ ಅಲ್ಲಿ ಟಚ್ ಸತ್ತಿದೆ. ಮುಟ್ಟದೆಯೇ ಚುಕ್ಕೆ ಮೂಡಿದರೆ ಅದು 'ಗೋಸ್ಟ್ ಟಚ್', ಅಂದರೆ ಬೆರಳಿಲ್ಲದೆ ಸ್ಕ್ರೀನ್ ತಾನೇ ಸ್ಪರ್ಶ ಅಂದುಕೊಳ್ಳುವುದು. ನೋಡಿಯಾದ ಮೇಲೆ ಆಫ್ ಮಾಡಿ.

ಟಚ್ ಸರಿಯಿದ್ದು ಆ್ಯಪ್ ತೆರೆಯುವುದು ಮಾತ್ರ ನಿಧಾನವಾದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ ನೋಡಿ. ಬಹುತೇಕ ಫೋನುಗಳಲ್ಲಿ ಪವರ್ ಮೆನುವಿನ 'ಪವರ್ ಆಫ್' ಅನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಆಗ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಫೋನ್ ಚುರುಕಾಗಿದ್ದರೆ ತಪ್ಪು ಯಾವುದೋ ಆ್ಯಪ್‌ನದು, ಫೋನಿನದಲ್ಲ. ಮಾಮೂಲಿಗೆ ಬರಲು ಫೋನ್ ರೀಸ್ಟಾರ್ಟ್ ಮಾಡಿದರೆ ಸಾಕು.

ಕ್ಯಾಲ್ಕುಲೇಟರ್, ಗಡಿಯಾರ ಇವೆಲ್ಲ ಥಟ್ಟನೆ ತೆರೆದು ಇಂಟರ್ನೆಟ್ ಬೇಕಾದವು ಮಾತ್ರ ಎಳೆದಾಡಿದರೆ ಅದು ನೆಟ್‌ವರ್ಕ್ ತೊಂದರೆ. ಈ ಲೇಖನದ ಯಾವ ಹಂತವೂ ಅದಕ್ಕೆ ಮದ್ದಲ್ಲ.

2. ಬೆರಳಿಗೂ ಸ್ಕ್ರೀನಿಗೂ ನಡುವೆ ಇರುವುದನ್ನು ಸರಿಮಾಡಿ

ಈಗಿನ ಸ್ಕ್ರೀನ್ ಒತ್ತಡವನ್ನು ಅಳೆಯುವುದಿಲ್ಲ. ಬೆರಳು ಹತ್ತಿರ ಬಂದಾಗ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಹಿಡಿಯುತ್ತದೆ. ಹಾಗಾಗಿ ಜೋರಾಗಿ ಒತ್ತಿ ಪ್ರಯೋಜನವಿಲ್ಲ. ಚರ್ಮ ತೀರಾ ಒಣಗಿದ್ದರೆ ಸಂಕೇತ ಕುಗ್ಗುತ್ತದೆ. ವಯಸ್ಸಾದವರು, ಸಿಮೆಂಟು, ಸೋಪು, ಮಣ್ಣಿನ ಕೆಲಸ ಮಾಡುವವರು ಅನುಭವಿಸುವ ತೊಂದರೆ ಇದೇ. ಒದ್ದೆ ಬೆರಳಾದರೆ ನೀರಿನ ಹನಿಯೂ ಬೆರಳಿನಂತೆಯೇ ಕಾಣುತ್ತದೆ. ಬೆರಳ ತುದಿಗೆ ಬದಲು ಬೆರಳಿನ ದಿಂಬಿನ ಭಾಗದಿಂದ ಮುಟ್ಟಲು ಹೇಳಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಟೆಂಪರ್ಡ್ ಗ್ಲಾಸ್ ದಪ್ಪವಿದ್ದರೆ, ಅಂಚಿನಲ್ಲಿ ಗಾಳಿ ಸೇರಿದ್ದರೆ ತೆಗೆದು ಪರೀಕ್ಷಿಸಿ. ಗ್ಲಾಸ್ ಇಲ್ಲದೆ ಸರಿಯಿದೆ ಎಂದಾದರೆ ಎರಡು ದಾರಿ: ತೆಳುವಾದದ್ದು ಹಾಕಿಸಿ, ಅಥವಾ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ 'ಟಚ್ ಸೆನ್ಸಿಟಿವಿಟಿ' ಆನ್ ಮಾಡಿ. ಕೆಲವು ಫೋನುಗಳಲ್ಲಿ ಇದಕ್ಕೆ 'ಸ್ಕ್ರೀನ್ ಪ್ರೊಟೆಕ್ಟರ್ ಮೋಡ್' ಎನ್ನುತ್ತಾರೆ. ಗ್ಲಾಸ್ ಇಲ್ಲದ ಫೋನಿನಲ್ಲಿ ಇದನ್ನು ಆನ್ ಮಾಡಿಡಬೇಡಿ, ಜೇಬಿನಲ್ಲೇ ಟಚ್ ಆಗತೊಡಗುತ್ತದೆ. ಕರೆ ಮಾಡುವಾಗ ಸ್ಕ್ರೀನ್ ಕಪ್ಪಾಗಿ ಮತ್ತೆ ಬರದಿದ್ದರೆ ಇಯರ್‌ಪೀಸ್ ಪಕ್ಕದ ಪ್ರಾಕ್ಸಿಮಿಟಿ ಸೆನ್ಸರ್ ಮೇಲೆ ಗ್ಲಾಸ್ ಅಥವಾ ಕೊಳೆ ಕೂತಿರುತ್ತದೆ. ಫೋನ್ ಕಿವಿಯ ಹತ್ತಿರ ಇದೆಯೇ ಎಂದು ತಿಳಿಯುವುದು ಅದರಿಂದಲೇ.

ಚಾರ್ಜ್‌ಗೆ ಹಾಕಿದಾಗ ಮಾತ್ರ ಟಚ್ ಹುಚ್ಚುಹುಚ್ಚಾಗಿ ಆಡುತ್ತದೆಯೇ? ಅದು ಚಾರ್ಜರಿನ ದೋಷ. ಅಗ್ಗದ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಸ್ಪರ್ಶದ ಸಂಕೇತದೊಳಗೆ ಬೆರೆಯುತ್ತದೆ. ಚಾರ್ಜರ್ ಬದಲಿಸಿ, ಸ್ಕ್ರೀನ್ ಬದಲಿಸಬೇಡಿ.

ಈಗ ಅಪ್ಪ, ಅಮ್ಮ, ಅಜ್ಜಿಯ ಫೋನಿನ ವಿಷಯ. ಕೈ ಸ್ವಲ್ಪ ನಡುಗಿದರೂ, ಬೆರಳು ಅರೆಕ್ಷಣ ಹೆಚ್ಚು ನಿಂತರೂ ಫೋನ್ ಅದನ್ನು 'ಒತ್ತಿ ಹಿಡಿದಿದ್ದು' ಎಂದು ತಿಳಿದು ಬೇರೆಯದೇ ಮೆನು ತೆರೆಯುತ್ತದೆ. ಐಕಾನ್‌ಗಳು ಜಾಗ ಬದಲಿಸುವುದು, ಅಳಿಸಿಹೋಗುವುದು ಇದರಿಂದಲೇ. ಅವರಿಗೆ ಫೋನ್ ಬಳಸಲು ಬರುವುದಿಲ್ಲ ಎಂದು ತೀರ್ಮಾನಿಸಿಬಿಡುವುದು ಅನ್ಯಾಯ. ಫೋನಿನ ಅಳತೆ ಅವರ ಬೆರಳಿಗೆ ಹೊಂದಿಲ್ಲ, ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ ಒಳಗೆ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಹುಡುಕಿ, ಒಂದು ಮೆಟ್ಟಿಲು ಹೆಚ್ಚಿಸಿ. ಒಂದೆರಡು ದಿನ ಬಳಸಲಿ, ಸಾಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಸ್ಯಾಮ್‌ಸಂಗ್‌ನಲ್ಲಿ ಜೊತೆಗೆ 'ಇಗ್ನೋರ್ ರಿಪೀಟೆಡ್ ಟಚಸ್' ಇದೆ. ಒಂದು ಸಲ ಮುಟ್ಟಲು ಹೋಗಿ ಎರಡು ಸಲ ತಾಗುವವರಿಗೆ ಅದು ವರ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ, ಟಚ್, 'ಟಚ್ ಅಕಾಮೊಡೇಷನ್ಸ್' ಒಳಗೆ 'ಹೋಲ್ಡ್ ಡ್ಯುರೇಷನ್' ಮತ್ತು 'ಇಗ್ನೋರ್ ರಿಪೀಟ್' ಸಿಗುತ್ತವೆ.

ಎಚ್ಚರಿಕೆ: ಐಫೋನಿನ 'ಹೋಲ್ಡ್ ಡ್ಯುರೇಷನ್' ಎಲ್ಲ ಸ್ಪರ್ಶಕ್ಕೂ ಅನ್ವಯಿಸುತ್ತದೆ. ಅಳತೆ ಜಾಸ್ತಿಯಾದರೆ ಫೋನ್ ಸತ್ತಂತೆ ಅನ್ನಿಸುತ್ತದೆ. ಅತಿ ಕಡಿಮೆ ಅಳತೆಯಿಂದ ಆರಂಭಿಸಿ, ಫೋನ್ ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಬೆರಳಿನಿಂದಲೇ ಪರೀಕ್ಷಿಸಿ. ನಿಮ್ಮ ಬೆರಳಿನಿಂದ ಪರೀಕ್ಷಿಸಿದರೆ ಅದು ನಿಮಗೆ ಹೊಂದುತ್ತದೆ, ಅವರಿಗಲ್ಲ.

3. ಸ್ಕ್ರೀನಿನ ಓಟ ಹೆಚ್ಚಿಸಿ

ಪುಟ ತೆರೆಯುವಾಗ, ಮುಚ್ಚುವಾಗ ಕಾಣುವ ಜಾರುವಿಕೆಗೆ 'ಅನಿಮೇಷನ್' ಎನ್ನುತ್ತಾರೆ. ನೋಡಲು ಚೆಂದ, ಆದರೆ ಪ್ರತಿ ಸಲವೂ ಕಾಯಿಸುತ್ತದೆ. ಡೆವಲಪರ್ ಆಪ್ಷನ್ಸ್‌ನಲ್ಲಿ ವಿಂಡೋ ಅನಿಮೇಷನ್ ಸ್ಕೇಲ್, ಟ್ರಾನ್ಸಿಷನ್ ಅನಿಮೇಷನ್ ಸ್ಕೇಲ್, ಅನಿಮೇಟರ್ ಡ್ಯುರೇಷನ್ ಸ್ಕೇಲ್ ಎಂಬ ಮೂರು ಸಾಲು ಇವೆ. ಮೂರನ್ನೂ 1ರಿಂದ 0.5ಕ್ಕೆ ಇಳಿಸಿ. ಹಳೆಯ ಫೋನಿನಲ್ಲಿ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಇಲ್ಲೊಂದು ತೊಡಕಿದೆ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ. ಹಾಗಂತ ಆ ಮೆನುವನ್ನೇ ಆಫ್ ಮಾಡಿದರೆ ಅನಿಮೇಷನ್ ಮತ್ತೆ 1ಕ್ಕೆ ಮರಳುತ್ತದೆ. ಮೊದಲು 'ಯುಎಸ್‌ಬಿ ಡಿಬಗ್ಗಿಂಗ್' ಮಾತ್ರ ಆಫ್ ಇದೆಯೇ ನೋಡಿ, ಹಲವು ಆ್ಯಪ್‌ಗಳಿಗೆ ಅಷ್ಟೇ ಸಾಕು. ಆಗಲೂ ಬ್ಯಾಂಕ್ ಆ್ಯಪ್ ತಕರಾರು ಮಾಡಿದರೆ ಡೆವಲಪರ್ ಮೆನು ಆಫ್ ಮಾಡಿ, ಆಕ್ಸೆಸಿಬಿಲಿಟಿಯಲ್ಲಿರುವ 'ರಿಮೂವ್ ಅನಿಮೇಷನ್ಸ್' ಬಳಸಿ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ, ಮೋಷನ್, 'ರೆಡ್ಯೂಸ್ ಮೋಷನ್'. ಡೆವಲಪರ್ ಮೆನುವಿನ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್', 'ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಲಿಮಿಟ್' ಇವನ್ನು ಮುಟ್ಟಬೇಡಿ. ವೇಗ ಬರುತ್ತದೆ ಎಂದು ಹೇಳುವ ವಿಡಿಯೊಗಳಿವೆ, ಆದರೆ ಅವು ಆ್ಯಪ್‌ಗಳನ್ನು ಪದೇಪದೇ ಮೊದಲಿನಿಂದ ತೆರೆಯುವಂತೆ ಮಾಡಿ ಫೋನನ್ನು ಇನ್ನೂ ನಿಧಾನ ಮಾಡುತ್ತವೆ.

ರಿಫ್ರೆಶ್ ರೇಟ್ ಎಂದರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎನ್ನುವುದು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು, 120ರಲ್ಲಿ 8.3. ನಿಮ್ಮ ಫೋನಿಗೆ 90 ಅಥವಾ 120 ಇದ್ದೂ 60ರಲ್ಲೇ ಕೂತಿದ್ದರೆ ಡಿಸ್‌ಪ್ಲೇ ವಿಭಾಗದಲ್ಲಿ ಏರಿಸಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಬ್ಯಾಟರಿ ಸೇವರ್ ಆನ್ ಇದ್ದರೆ ಎಷ್ಟೋ ಫೋನುಗಳು ತಾವಾಗಿಯೇ 60ಕ್ಕೆ ಇಳಿಸುತ್ತವೆ, ಅದನ್ನೂ ನೋಡಿ.

4. ಜಾಗ ಮತ್ತು ಬಿಸಿ

ಸ್ಟೋರೇಜ್ ತುಂಬುತ್ತಾ ಬಂದ ಹಾಗೆ ಫೋನಿನ ಬರೆಯುವ ವೇಗ ಕುಸಿಯುತ್ತದೆ, ಏಕೆಂದರೆ ಹೊಸದನ್ನು ಬರೆಯುವ ಮೊದಲು ಹಳೆಯ ತುಣುಕುಗಳನ್ನು ಒಟ್ಟುಮಾಡಿ ಜಾಗ ಬಿಡಿಸಬೇಕಾಗುತ್ತದೆ. ನೂರಕ್ಕೆ 10ರಿಂದ 15 ಭಾಗ ಖಾಲಿ ಇಡಿ. ನಮ್ಮ ಮನೆಗಳ ಫೋನಿನಲ್ಲಿ ಜಾಗ ತಿನ್ನುವುದು ಹೆಚ್ಚಾಗಿ ಗುಡ್ ಮಾರ್ನಿಂಗ್ ಚಿತ್ರಗಳು ಮತ್ತು ಫಾರ್ವರ್ಡ್ ವಿಡಿಯೊಗಳು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, 'ಸ್ಟೋರೇಜ್ ಆ್ಯಂಡ್ ಡೇಟಾ', 'ಮ್ಯಾನೇಜ್ ಸ್ಟೋರೇಜ್' ಒಳಗೆ 5 ಎಂಬಿಗಿಂತ ದೊಡ್ಡವನ್ನೂ ಹಲವು ಸಲ ಫಾರ್ವರ್ಡ್ ಆದವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಅಲ್ಲಿಂದಲೇ ಆರಿಸಿ ಅಳಿಸಿ.

ಕ್ಲೀನರ್, ಬೂಸ್ಟರ್ ಎಂಬ ಆ್ಯಪ್ ಏನಾದರೂ ಇದ್ದರೆ ತೆಗೆದುಹಾಕಿ. ಅವು ತಾವೇ ಹಿನ್ನೆಲೆಯಲ್ಲಿ ಓಡುತ್ತಾ ಜಾಹೀರಾತು ತೋರಿಸುತ್ತವೆ. ಆಗಾಗ 'ಕ್ಲಿಯರ್ ಆಲ್' ಒತ್ತುವ ಅಭ್ಯಾಸವನ್ನೂ ಬಿಡಿ: ಮೆಮೊರಿಯಲ್ಲಿ ಸಿದ್ಧವಾಗಿದ್ದ ಆ್ಯಪ್ ಮತ್ತೆ ಮೊದಲಿನಿಂದ ತೆರೆಯಬೇಕಾಗುತ್ತದೆ. ಫೋನ್ ಬಿಸಿಯಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೈಕಿನ ಮೇಲೆ ಬಿಸಿಲಿನಲ್ಲಿ ಮ್ಯಾಪ್ ಹಾಕಿ ಚಾರ್ಜ್ ಕೂಡ ಮಾಡುವವರಿಗೆ ಇದು ದಿನವೂ ಆಗುತ್ತದೆ. ಕವರ್ ತೆಗೆಯಿರಿ, ಚಾರ್ಜ್ ನಿಲ್ಲಿಸಿ, ನೆರಳಿನಲ್ಲಿಡಿ. ಫ್ರಿಜ್‌ನಲ್ಲಿಡಬೇಡಿ, ಒಳಗೆ ತೇವ ಕಟ್ಟುತ್ತದೆ.

5. ವಾಚಿಗೆ ಮೆಸೇಜ್ ತಡವಾಗದಂತೆ ಮಾಡಿ

ವಾಟ್ಸ್‌ಆ್ಯಪ್ ಸಂದೇಶ ವಾಚಿಗೆ ಸೇರುವ ದಾರಿ ಹೀಗಿದೆ: ಆ್ಯಪ್, ಫೋನಿನ ವ್ಯವಸ್ಥೆ, ವಾಚ್ ಕಂಪನಿಯ ಆ್ಯಪ್, ಬ್ಲೂಟೂತ್, ಕೊನೆಗೆ ವಾಚ್. ಸಂದೇಶ ಸಿಕ್ಕಿಕೊಳ್ಳುವುದು ಬಹುತೇಕ ಮೂರನೇ ಜಾಗದಲ್ಲಿ. ಬ್ಯಾಟರಿ ಉಳಿಸಲು 2015ರ ಆಂಡ್ರಾಯ್ಡ್ 6ರಿಂದ 'ಡೋಜ್' ಎಂಬ ವ್ಯವಸ್ಥೆ ಬಂತು. ಅಲ್ಲಾಡದೆ ಇಟ್ಟ ಫೋನಿನಲ್ಲಿ ಅದು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿ, ಆಗೊಮ್ಮೆ ಈಗೊಮ್ಮೆ ಎಬ್ಬಿಸುತ್ತದೆ. ಕೆಲವು ಕಂಪನಿಗಳು ಇದರ ಮೇಲೆ ತಮ್ಮದೇ ಇನ್ನಷ್ಟು ಬಿಗಿ ನಿಯಮ ಹಾಕುತ್ತವೆ.

ಮೊದಲು ವಾಚ್ ಆ್ಯಪ್‌ನ 'ಆ್ಯಪ್ ಇನ್ಫೋ' ತೆರೆದು ಬ್ಯಾಟರಿ ಆಯ್ಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ಸ್ಯಾಮ್‌ಸಂಗ್‌ನಲ್ಲಿ 'ಸ್ಲೀಪಿಂಗ್', 'ಡೀಪ್ ಸ್ಲೀಪಿಂಗ್' ಪಟ್ಟಿಯಲ್ಲಿ ಅದರ ಹೆಸರಿದ್ದರೆ ತೆಗೆಯಿರಿ. ಶಿಯೋಮಿ ಫೋನಿನಲ್ಲಿ 'ಆಟೋಸ್ಟಾರ್ಟ್' ಕೂಡ ಆನ್ ಬೇಕು, ಇಲ್ಲವಾದರೆ ರೀಸ್ಟಾರ್ಟ್ ಆದ ಮೇಲೆ ಆ್ಯಪ್ ಏಳುವುದೇ ಇಲ್ಲ. ಎಲ್ಲ ಆ್ಯಪ್‌ಗೂ ಹೀಗೆ ಮಾಡಬೇಡಿ, ಸಂಜೆಯೊಳಗೆ ಬ್ಯಾಟರಿ ಮುಗಿಯುತ್ತದೆ. ವಾಚ್ ಆ್ಯಪ್ ಮತ್ತು ನಿಜಕ್ಕೂ ತುರ್ತಾಗಿ ಬೇಕಾದ ಒಂದೆರಡು ಸಾಕು.

ನಂತರ 'ನೋಟಿಫಿಕೇಷನ್ ಆಕ್ಸೆಸ್' ನೋಡಿ. ನಿಮ್ಮ ಎಲ್ಲ ಸೂಚನೆಗಳನ್ನು ಓದಲು ವಾಚ್ ಆ್ಯಪ್‌ಗೆ ಕೊಡುವ ಅನುಮತಿ ಇದು, ಒಟಿಪಿಯೂ ಇದರಲ್ಲಿ ಸೇರಿದೆ. ಆದ್ದರಿಂದ ಪ್ಲೇ ಸ್ಟೋರ್‌ನಲ್ಲಿರುವ, ವಾಚ್ ಕಂಪನಿಯದೇ ಆದ ಆ್ಯಪ್‌ಗೆ ಮಾತ್ರ ಕೊಡಿ. ಯಾರೋ ಕಳಿಸಿದ ಎಪಿಕೆ ಫೈಲ್‌ನಿಂದ ಹಾಕಿದ ಆ್ಯಪ್‌ಗೆ ಖಂಡಿತ ಕೊಡಬೇಡಿ. ಆಂಡ್ರಾಯ್ಡ್ 15ರ ನಂತರ ಕೆಲವು ವಾಚುಗಳಲ್ಲಿ ಒಟಿಪಿ ಬದಲು ಸೂಕ್ಷ್ಮ ಮಾಹಿತಿ ಮರೆಮಾಡಿದೆ ಎಂಬ ಸಾಲು ಬರುತ್ತದೆ. ಅದು ದೋಷವಲ್ಲ, ರಕ್ಷಣೆ.

ಜೋಡಿಸುವಾಗ ಫೋನಿನ ಬ್ಲೂಟೂತ್ ಪಟ್ಟಿಯಿಂದಲ್ಲ, ವಾಚಿನ ಆ್ಯಪ್ ಒಳಗಿನಿಂದ ಜೋಡಿಸಿ. ಕರೆ ಸೌಲಭ್ಯ ಇರುವ ಅಗ್ಗದ ವಾಚುಗಳಿಗೆ ಎರಡು ಜೋಡಣೆ ಇರುತ್ತವೆ, ಒಂದು ಸೂಚನೆ ಮತ್ತು ಆರೋಗ್ಯದ ಮಾಹಿತಿಗೆ, ಇನ್ನೊಂದು ಕರೆಯ ಧ್ವನಿಗೆ. ಒಂದೇ ಹೆಸರು ಎರಡು ಸಲ ಇದೆ ಎಂದು ಒಂದನ್ನು ಅಳಿಸಿದರೆ ಅರ್ಧ ಕೆಲಸ ನಿಲ್ಲುತ್ತದೆ. ಐಫೋನಿಗೆ ಬೇರೆ ಕಂಪನಿಯ ವಾಚ್ ಜೋಡಿಸಿದ್ದರೆ ಬ್ಲೂಟೂತ್ ಪಟ್ಟಿಯಲ್ಲಿ ಅದರ ಪಕ್ಕದ ಮಾಹಿತಿ ಗುರುತು ಒತ್ತಿ 'ಶೇರ್ ಸಿಸ್ಟಮ್ ನೋಟಿಫಿಕೇಷನ್ಸ್' ಆನ್ ಮಾಡಿ. ಆ್ಯಪಲ್ ವಾಚ್ ಇದ್ದವರು ಗಮನಿಸಿ: ಐಫೋನ್ ಲಾಕ್ ತೆರೆದು ಬಳಸುತ್ತಿರುವಾಗ ಸೂಚನೆ ಫೋನಿಗೇ ಬರುತ್ತದೆ, ವಾಚಿಗೆ ಹೋಗುವುದಿಲ್ಲ. ಅದು ಹಾಗೇ ಇರಬೇಕಾದದ್ದು.

ಕನ್ನಡದ ಸಂದೇಶ ವಾಚಿನಲ್ಲಿ ಖಾಲಿ ಚೌಕಗಳಾಗಿ ಕಂಡರೆ ಆ ವಾಚಿನ ಒಳತಂತ್ರಾಂಶದಲ್ಲಿ ಕನ್ನಡ ಫಾಂಟ್ ಇಲ್ಲ. ಆ್ಯಪ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ, ಇಲ್ಲದಿದ್ದರೆ ಯಾವ ಸೆಟ್ಟಿಂಗೂ ಸಹಾಯ ಮಾಡದು. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಕನ್ನಡ ಸಂದೇಶ ಕಳಿಸಿ ನೋಡಿ. 'ಕ್ಷೇತ್ರ', 'ಸ್ವಾತಂತ್ರ್ಯ' ಇಂಥ ಒತ್ತಕ್ಷರದ ಪದಗಳೇ ಇರಲಿ. ಅಕ್ಷರ ಮೂಡಿದರೂ ಒತ್ತು ಬಿಡಿಬಿಡಿಯಾಗಿ ಕಾಣುವ ವಾಚುಗಳಿವೆ.

6. ವಾಚನ್ನು ಮಣಿಕಟ್ಟಿಗೆ ಹೊಂದಿಸಿ

ಕೈ ಎತ್ತಿದಾಗ ವಾಚ್ ಬೆಳಗದಿದ್ದರೆ ಮೊದಲು ಯಾವ ಕೈಯೆಂದು ಅದಕ್ಕೆ ಹೇಳಿದ್ದೀರಾ ನೋಡಿ. ಬಲಗೈಗೆ ಕಟ್ಟಿ ಸೆಟ್ಟಿಂಗ್‌ನಲ್ಲಿ ಎಡಗೈ ಎಂದಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಆ್ಯಪಲ್ ವಾಚ್‌ನಲ್ಲಿ ಇದು ಜನರಲ್, ಓರಿಯೆಂಟೇಷನ್ ಒಳಗಿದೆ. ಡೂ ನಾಟ್ ಡಿಸ್ಟರ್ಬ್, ಥಿಯೇಟರ್ ಮೋಡ್, ಬೆಡ್‌ಟೈಮ್ ಮೋಡ್ ಆನ್ ಉಳಿದಿರುವುದು ಇನ್ನೊಂದು ಸಾಮಾನ್ಯ ಕಾರಣ. ಅದುರುವಿಕೆ ಗೊತ್ತಾಗದವರು ಕಂಪನವನ್ನು 'ಸ್ಟ್ರಾಂಗ್' ಅಥವಾ 'ಪ್ರಾಮಿನೆಂಟ್' ಮಾಡಿ.

ಹೃದಯ ಬಡಿತ ಅಳೆಯುವ ಹಸಿರು ಬೆಳಕು ರಕ್ತ ಎಷ್ಟು ಬೆಳಕು ಹೀರಿತು ಎಂಬುದನ್ನು ಚರ್ಮದ ಮೂಲಕ ನೋಡುತ್ತದೆ. ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ನುಗ್ಗಿ ಅಂಕಿ ಕುಣಿಯುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ನಡಿಗೆ, ವ್ಯಾಯಾಮದ ಹೊತ್ತಿಗೆ ಒಂದು ರಂಧ್ರ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಚ್ಚೆ ಇರುವ ಜಾಗ ಬೇಡ. ಹಿಂಬದಿಯ ಗಾಜಿನ ಮೇಲೆ ಬೆವರು, ಎಣ್ಣೆ ಕಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ.

ಒಂದೇ ಕೈ ಬಳಸಬಲ್ಲವರಿಗೆ ಆ್ಯಪಲ್ ವಾಚ್‌ನಲ್ಲಿ 2021ರಿಂದ 'ಅಸಿಸ್ಟಿವ್ ಟಚ್' ಇದೆ: ಹೆಬ್ಬೆರಳು, ತೋರುಬೆರಳು ಚಿವುಟುವುದು, ಮುಷ್ಟಿ ಬಿಗಿಯುವುದು ಇವುಗಳಿಂದಲೇ ವಾಚ್ ನಡೆಸಬಹುದು. ಸ್ಕ್ರೀನ್ ಮುಟ್ಟಬೇಕಾಗಿಲ್ಲ.

7. ಕನ್ನಡದಲ್ಲಿ ಮಾತಾಡಿ, ಬರೆಯಿರಿ

ಟೈಪ್ ಮಾಡುವುದೇ ಕಷ್ಟವಾದವರಿಗೆ ಧ್ವನಿ ದೊಡ್ಡ ಅನುಕೂಲ. ಗೂಗಲ್‌ನ ಕನ್ನಡ ಧ್ವನಿ ಟೈಪಿಂಗ್ 2017ರಿಂದ ಇದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಸೆಟ್ಟಿಂಗ್ಸ್, ಲ್ಯಾಂಗ್ವೇಜಸ್, 'ಆ್ಯಡ್ ಕೀಬೋರ್ಡ್' ಒಳಗೆ ಕನ್ನಡ ಸೇರಿಸಿ. ಎಲ್ಲರೂ ಎಡವುವುದು ಇಲ್ಲಿ: ಕೀಬೋರ್ಡ್ ಇಂಗ್ಲಿಷ್‌ನಲ್ಲಿದ್ದಾಗ ಮೈಕ್ ಒತ್ತಿ ಕನ್ನಡ ಮಾತಾಡುತ್ತಾರೆ, ಅದು ಇಂಗ್ಲಿಷ್ ಪದಗಳನ್ನು ಬರೆಯುತ್ತದೆ. ಮೊದಲು ಸ್ಪೇಸ್‌ಬಾರ್‌ನಲ್ಲಿ ಕನ್ನಡ ಎಂದು ಕಾಣುತ್ತಿದೆಯೇ ನೋಡಿ, ಆಮೇಲೆ ಮೈಕ್. ವಾಕ್ಯ ಪೂರ್ತಿ ಹೇಳಿ ನಿಲ್ಲಿಸಿ, ಪದಪದವಾಗಿ ಬಿಡಿಸಿ ಹೇಳಬೇಡಿ. ಸುತ್ತಲಿನ ಪದಗಳನ್ನು ನೋಡಿಯೇ ಅದು ಊಹಿಸುವುದು.

ಕೈಯಲ್ಲೇ ಬರೆಯುವವರಿಗೆ ಇನ್ನೊಂದು ಸೆಟ್ಟಿಂಗ್. ಕನ್ನಡ ಕೀಬೋರ್ಡುಗಳಲ್ಲಿ ಕೆಲವು ಅಕ್ಷರಗಳು ಕೀಲಿಯನ್ನು ಒತ್ತಿ ಹಿಡಿದಾಗ ಬರುತ್ತವೆ. ಜಿಬೋರ್ಡ್‌ನ ಪ್ರಿಫರೆನ್ಸಸ್‌ನಲ್ಲಿ 'ಕೀ ಲಾಂಗ್ ಪ್ರೆಸ್ ಡಿಲೇ' ಕಡಿಮೆ ಮಾಡಿದರೆ ಅವು ಬೇಗ ಸಿಗುತ್ತವೆ. ಕೈ ನಡುಗುವವರಿಗೆ ಇದನ್ನೇ ಹೆಚ್ಚಿಸಿ, ಬೇಡದ ಅಕ್ಷರ ಬೀಳುವುದು ನಿಲ್ಲುತ್ತದೆ.

8. ಸೆಟ್ಟಿಂಗ್‌ನಿಂದ ಆಗದಿದ್ದಾಗ

ಸ್ಕ್ರೀನ್ ಅಂಚಿನಲ್ಲಿ ಎದ್ದಂತೆ ಕಂಡರೆ, ಹಿಂಬದಿ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಅದು ಸ್ಕ್ರೀನನ್ನು ಒಳಗಿನಿಂದ ಒತ್ತುವುದರಿಂದಲೂ ಗೋಸ್ಟ್ ಟಚ್ ಬರುತ್ತದೆ. ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ, ಚುಚ್ಚಬೇಡಿ, ಒತ್ತಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಹಳೆಯ ಐಫೋನ್ ನಿಧಾನವಾಗಿದ್ದರೆ ಬ್ಯಾಟರಿ ಹೆಲ್ತ್ ನೋಡಿ. ಕ್ಷೀಣಿಸಿದ ಬ್ಯಾಟರಿಯಿಂದ ಫೋನ್ ದಿಢೀರನೆ ಆಫ್ ಆಗದಿರಲಿ ಎಂದು ಐಫೋನಿನ ತಂತ್ರಾಂಶ ಐಒಎಸ್ ಪ್ರೊಸೆಸರಿನ ವೇಗ ತಗ್ಗಿಸುತ್ತದೆ. 2017ರ ಐಒಎಸ್ 10.2.1ರಿಂದ ಹೀಗಿದೆ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಪೂರ್ಣ ಚಾರ್ಜ್ ಸುತ್ತಿಗೆ, 15ರಿಂದ ಮುಂದಿನವು 1000 ಸುತ್ತಿಗೆ ಶೇ. 80 ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದ್ದಾರೆ. 80ಕ್ಕಿಂತ ಇಳಿದಿದ್ದರೆ ಬ್ಯಾಟರಿ ಮಾತ್ರ ಬದಲಿಸಿ, ಫೋನ್ ಮತ್ತೆ ಮೊದಲಿನ ಹಾಗೆ ಓಡುತ್ತದೆ. ಸ್ಯಾಮ್‌ಸಂಗ್‌ನವರಿಗೆ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಪರೀಕ್ಷೆಗಳಲ್ಲಿ ಬ್ಯಾಟರಿ ಸ್ಥಿತಿ ಸಿಗುತ್ತದೆ.

ಟಚ್ ಪರೀಕ್ಷೆಯಲ್ಲಿ ಸತ್ತ ಜಾಗ ಕಂಡಿದ್ದರೆ ಸ್ಕ್ರೀನ್ ಬದಲಿಸುವ ವೆಚ್ಚ ಮೊದಲೇ ಕೇಳಿ. ಫೋನಿನ ಈಗಿನ ಬೆಲೆಯ ಅರ್ಧ ದಾಟಿದರೆ ಹೊಸದರ ಬಗ್ಗೆ ಯೋಚಿಸುವುದೇ ವಾಸಿ. ಅಗ್ಗದ ನಕಲಿ ಸ್ಕ್ರೀನ್ ಹಾಕಿಸಿಕೊಂಡರೆ ಟಚ್ ಮೊದಲಿನಷ್ಟು ಸೂಕ್ಷ್ಮವಾಗಿರುವುದಿಲ್ಲ, ಮತ್ತೆ ಇದೇ ಗೋಳು. ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ, ಬ್ಯಾಕಪ್ ತೆರೆದು ನೋಡಿ ಖಚಿತ ಮಾಡಿಕೊಂಡ ನಂತರವೇ.

ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ವಾಚ್ ಮತ್ತೆ ತಡಮಾಡಲು ಶುರುಮಾಡಿದರೆ ಗಾಬರಿ ಬೇಡ. 5ನೇ ಹಂತದ ಬ್ಯಾಟರಿ ಆಯ್ಕೆ ಮತ್ತು ಆಟೋಸ್ಟಾರ್ಟ್ ಹಿಂದಿನ ಸ್ಥಿತಿಗೆ ಹೋಗಿರುವ ಸಾಧ್ಯತೆ ಇದೆ, ಅವೆರಡನ್ನೇ ಮೊದಲು ನೋಡಿ.